ಬಂದೂಕಿನ ಮೇಲಿನ ಅಂಕಿ

ಯುದ್ಧ ಮುಗಿದ ಮೇಲೆ ಬಂದೂಕಿಗೂ ಒಂದು ಇಳಿವಯಸ್ಸು ಬರುತ್ತದೆ. ಅಮೆರಿಕದಲ್ಲಿ ಅಂಥವನ್ನು ಕೊಂಡು ಕೂಡಿಡುವವರು ಜರ್ಮನಿಯ ಮೌಸರ್ 98ಕೆ ರೈಫಲನ್ನು ಕೈಗೆತ್ತಿಕೊಂಡರೆ ಮೊದಲು ನೋಡುವುದು ಅಂಕಿಗಳನ್ನು. ಮೈಮೇಲಿನ ಸಂಖ್ಯೆಯೇ ಗುಂಡನ್ನು ಒಳತಳ್ಳುವ ಬೋಲ್ಟಿನ ಮೇಲೂ ಇದ್ದರೆ ಬೆಲೆ ಏರುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ವಶವಾದ ಇಂಥ ರೈಫಲುಗಳನ್ನು ಸೋವಿಯತ್ ಆಯುಧಶಾಲೆಗಳಲ್ಲಿ ಬಿಚ್ಚಿ, ಭಾಗಗಳನ್ನು ಬೆರಕೆಯಾಗಿ ಜೋಡಿಸಿದರು. ಬೋಲ್ಟಿನ ಮೇಲೆ ಆಯಾ ರೈಫಲಿನ ಸಂಖ್ಯೆಯನ್ನು ಹೊಸದಾಗಿ ಕೆತ್ತಿದರು. ವಂಚನೆಯ ಮಾತೇ ಅಲ್ಲಿಲ್ಲ. ಇಂದು ಒಬ್ಬ ವ್ಯಾಪಾರಿ ಹಳೆಯ ಅಂಕಿಯನ್ನು ಅರದಿಂದ ತಿಕ್ಕಿ, ಹೊಸದನ್ನು ಒತ್ತಿ, ಹುಟ್ಟಿನಿಂದಲೇ ಜೊತೆಯಾದದ್ದೆಂದು ಮಾರಿದರೆ? ಉಕ್ಕು ಅದೇ, ಏಟೂ ಅದೇ; ಒಂದು ಲೆಕ್ಕ, ಇನ್ನೊಂದು ಸುಳ್ಳು. ಇಷ್ಟು ಸುಲಭ.

ನನ್ನನ್ನು ಕಾಡುವವನು ಮೂರನೆಯವನು, ಪ್ರಾಮಾಣಿಕ. ಆತ ಸೋವಿಯತ್ ಅಂಕಿಯ ಭಾಗಗಳನ್ನು ಕಿತ್ತು, ಚಿಕ್ಕ ಹದ್ದಿನ ಮುದ್ರೆಯಿಂದ ಮೊದಲಿನ ಕಾರ್ಖಾನೆಯನ್ನು ಗುರುತಿಸಿ, ಅಲ್ಲಿಯ ಭಾಗಗಳನ್ನೇ ಹುಡುಕಿ ಕೊಂಡು ಕೂಡಿಸುತ್ತಾನೆ; ಮೂಲರೂಪ ತಂದೆನೆಂದು ಹಿಗ್ಗುತ್ತಾನೆ. ಓಲೆಗರಿಯ ಪಾಠಾಂತರಗಳೊಡನೆ ಹೆಣಗುವ ನಮ್ಮ ಕಸುಬಿನವರಿಗೂ ಈ ಚಪಲ ಹೊಸದಲ್ಲ. ಆದರೆ ಲಿಪಿಕಾರನ ತಿದ್ದುಪಡಿಯೆಂದು ತಳ್ಳಿದ್ದನ್ನು ನಾವು ಅಡಿಟಿಪ್ಪಣಿಯಲ್ಲಾದರೂ ಉಳಿಸುತ್ತೇವೆ. ಬಂದೂಕಿಗೆ ಅಡಿಟಿಪ್ಪಣಿಯಿಲ್ಲ. ಅದು ಸೋತದ್ದು, ಸೆರೆಸಿಕ್ಕಿದ್ದು, ಶತ್ರುವಿನ ಉಗ್ರಾಣದಲ್ಲಿ ಕಾಲ ಕಳೆದದ್ದು, ಎಲ್ಲವೂ ಆ ಕಿತ್ತ ಭಾಗಗಳೊಡನೆ ಹೋಗಿಬಿಡುತ್ತದೆ.