ದೊರೆಯ ಅಂಕಿತ, ದೊರೆಯ ಆತ್ಮಸಾಕ್ಷಿ

ಜನಪ್ರತಿನಿಧಿಗಳು ಒಪ್ಪಿದ ಕಾನೂನು ತನ್ನ ವಿಶ್ವಾಸಕ್ಕೆ ವಿರುದ್ಧವಾಗಿದ್ದರೆ ಕ್ರೈಸ್ತ ದೊರೆ ಏನು ಮಾಡಬೇಕು? ಈ ವಿಚಾರಕ್ಕೆ ಬೆಲ್ಜಿಯಂನ ಪ್ರಸಂಗವೊಂದನ್ನು ಆಧಾರವಾಗಿ ಇಟ್ಟುಕೊಳ್ಳುತ್ತೇನೆ.

1990ರ ಮಾರ್ಚ್ ಕೊನೆಯಲ್ಲಿ ಅಲ್ಲಿನ ಸಂಸತ್ತು ಕೆಲವು ಷರತ್ತುಗಳೊಡನೆ ಗರ್ಭಪಾತಕ್ಕೆ ಅವಕಾಶ ಕೊಡುವ ಮಸೂದೆಯನ್ನು ಅಂಗೀಕರಿಸಿತು. ಕಥೋಲಿಕರಾದ ದೊರೆ ಬೋದುವಾಂ ಪ್ರಧಾನಿ ವಿಲ್ಫ್ರೀಡ್ ಮಾರ್ಟೆನ್ಸ್ ಅವರಿಗೆ ಪತ್ರ ಬರೆದರು: ಇದಕ್ಕೆ ಅಂಕಿತ ಹಾಕಲು ತಮ್ಮ ಆತ್ಮಸಾಕ್ಷಿ ಒಪ್ಪದು, ಆದರೆ ಪ್ರಜಾಪ್ರಭುತ್ವದ ನಡೆಗೆ ತಾವು ಅಡ್ಡ ನಿಲ್ಲುವುದಿಲ್ಲ, ದಾರಿಯೊಂದನ್ನು ಸರ್ಕಾರವೇ ಹುಡುಕಲಿ. ಮಂತ್ರಿಮಂಡಲ ಸಂವಿಧಾನದ 82ನೇ ವಿಧಿಯನ್ನು ಬಳಸಿ, ದೊರೆ ಆಳಲು ಅಶಕ್ತರೆಂದು ಘೋಷಿಸಿ, ಏಪ್ರಿಲ್ 3ರಂದು ತಾನೇ ಕಾನೂನನ್ನು ಜಾರಿಗೊಳಿಸಿತು. ಏಪ್ರಿಲ್ 5ರಂದು ಎರಡೂ ಸದನಗಳು ಕೂಡಿ ಅಧಿಕಾರವನ್ನು ಮರಳಿ ಕೊಟ್ಟವು. ಪರವಾಗಿ 245 ಮತ, ವಿರೋಧ ಇಲ್ಲ, ತಟಸ್ಥರು 93 ಮಂದಿ.

ನನ್ನ ಸಿದ್ಧಾಂತ ಇದು: ದೊರೆ ತನ್ನ ಕೈಯನ್ನು ಹಿಂತೆಗೆದುಕೊಳ್ಳಬಹುದು, ಜನರ ಕೈಯನ್ನು ಹಿಡಿಯುವಂತಿಲ್ಲ. ಹಿಂತೆಗೆದದ್ದಕ್ಕೆ ಸಿಂಹಾಸನವೇ ಬೆಲೆಯಾದರೂ ಅದನ್ನು ತೆರಲು ಸಿದ್ಧನಿರಬೇಕು.

ಮೊದಲ ಪೂರ್ವಪಕ್ಷ: ಅಂಕಿತ ಬರೀ ಔಪಚಾರಿಕ, ಅದರಲ್ಲಿ ಪಾಪವೆಲ್ಲಿ ಬಂತು? ಬೆಲ್ಜಿಯಂನ ಯಾವ ಕಾನೂನಿನ ಮೊದಲ ಸಾಲುಗಳನ್ನು ನೋಡಿದರೂ ಉತ್ತರ ಸಿಗುತ್ತದೆ. ಸದನಗಳು ಇದನ್ನು ಅಂಗೀಕರಿಸಿವೆ ಎಂದ ಕೂಡಲೇ, ನಾವು ಇದನ್ನು ಅನುಮೋದಿಸುತ್ತೇವೆ ಎಂದು ದೊರೆಯೇ ಹೇಳುವ ಮಾತು ಬರುತ್ತದೆ. ಸದನದಲ್ಲಿ ಹೀಗೊಂದು ನಿರ್ಧಾರವಾಯಿತೆಂದು ಸಾಕ್ಷಿ ಹೇಳುವುದು ಬೇರೆ, ಅದು ನನಗೂ ಸಮ್ಮತವೆನ್ನುವುದು ಬೇರೆ. ಕೊಲೆಯೆಂದು ನಂಬಿದ್ದನ್ನು ಸಮ್ಮತವೆಂದು ದೇವರೆದುರು ಹೇಳಲಾಗದು ಎಂಬವನನ್ನು ಹಟಮಾರಿ ಎನ್ನಲು ನನಗೆ ಮನಸ್ಸು ಬಾರದು.

ಎರಡನೆಯದು: ಸಂವಿಧಾನವನ್ನು ಪಾಲಿಸುವೆನೆಂದು ಆತ ಪ್ರಮಾಣ ಮಾಡಿದ್ದನಲ್ಲ, ಅಧಿಕಾರಿಗಳಿಗೆ ಅಧೀನರಾಗಿರಿ ಎಂದು ಸಂತ ಪೌಲನೂ ಬೋಧಿಸಿದ್ದಾನಲ್ಲ? ದಾನಿಯೇಲನ ಗ್ರಂಥದ ದಾರ್ಯಾವೆಷ ಇಲ್ಲಿ ನೆನಪಾಗುತ್ತಾನೆ. ಮಂತ್ರಿಗಳು ತಂದ ಶಾಸನಕ್ಕೆ ಆತ ರುಜು ಹಾಕಿದ. ಅದೇ ಶಾಸನ ದಾನಿಯೇಲನನ್ನು ಸಿಂಹಗಳ ಗುಹೆಗೆ ತಳ್ಳಿತು. ಮೇದ್ಯರ ಮತ್ತು ಪಾರಸಿಯರ ಕಾನೂನಿಗೆ ಬದಲಾವಣೆಯಿಲ್ಲ. ಸಂಜೆಯವರೆಗೆ ಬಿಡಿಸಲು ಹೆಣಗಿದ, ಊಟ ಬಿಟ್ಟ, ರಾತ್ರಿಯೆಲ್ಲ ನಿದ್ದೆಗೆಟ್ಟ; ಆದರೂ ದಾನಿಯೇಲನನ್ನು ಗುಹೆಗೆ ಹಾಕಿಸಿದ್ದು ಅವನದೇ ಅಪ್ಪಣೆ. ರುಜು ಬಿದ್ದ ಮೇಲಿನ ಪಶ್ಚಾತ್ತಾಪ ಪ್ರಜೆಯನ್ನು ಕಾಯಲಿಲ್ಲ, ಕಾಯಲು ದೇವದೂತನೇ ಬರಬೇಕಾಯಿತು. ಯೋಚಿಸಬೇಕಾದ ಕಾಲ ರುಜುವಿಗೆ ಮುಂಚಿನದು. ಅಧೀನತೆಯೆಂದರೆ ಹೇಳಿದ್ದಕ್ಕೆಲ್ಲ ಹೂಂಗುಟ್ಟುವುದಲ್ಲ. ಒಪ್ಪದಿದ್ದಾಗ ಅದರ ಫಲವನ್ನು ದಂಗೆಯೆಬ್ಬಿಸದೆ ಉಣ್ಣುವುದು.

ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ. ಕಾನೂನು ಹೇಗೂ ಜಾರಿಯಾಯಿತು. ಇದು ಪಿಲಾತನು ಕೈ ತೊಳೆದಂತಲ್ಲವೇ? ಅಲ್ಲ. ಯೇಸುವನ್ನು ಬಿಡಿಸುವ ಅಧಿಕಾರ ಪಿಲಾತನಿಗೆ ನಿಜವಾಗಿಯೂ ಇತ್ತು. ನಿರಪರಾಧಿಯೆಂದು ಬಲ್ಲವನೇ ಶಿಲುಬೆಗೆ ಒಪ್ಪಿಸಿದ. ಬೋದುವಾಂಗೆ ಸಂಸತ್ತನ್ನು ತಡೆಯುವ ಅಧಿಕಾರ ಕಾಗದದಲ್ಲಿದ್ದರೂ ನ್ಯಾಯವಾಗಿ ಉಳಿದಿರಲಿಲ್ಲ. ಆ ಅಧಿಕಾರವನ್ನು ಚಲಾಯಿಸಿದರೆ ಏನಾಗುತ್ತದೆಂದು ಇಂಗ್ಲೆಂಡಿನಲ್ಲಿ ನೋಡಬಹುದು. ಕಥೋಲಿಕರಿಗೆ ರಾಜಕೀಯ ಹಕ್ಕು ಕೊಟ್ಟರೆ ತನ್ನ ಪಟ್ಟಾಭಿಷೇಕದ ಪ್ರಮಾಣ ಮುರಿಯುತ್ತದೆಂದು ಮೂರನೇ ಜಾರ್ಜ್ 1801ರಲ್ಲಿ ಪಟ್ಟು ಹಿಡಿದ. ಪ್ರಧಾನಿ ಪಿಟ್ ರಾಜೀನಾಮೆ ಕೊಟ್ಟರು, ಕಥೋಲಿಕರು 1829ರವರೆಗೆ ಕಾದರು. ಜಾರ್ಜ್‌ನ ನಂಬಿಕೆಯೂ ಪ್ರಾಮಾಣಿಕವೇ. ಆದರೆ ಅದರ ಬೆಲೆಯನ್ನು ತೆತ್ತವರು ಬೇರೆಯವರು. ಬೆಲ್ಜಿಯಂನ ಮಹಿಳೆಯರು ದೊರೆಯ ವಿಶ್ವಾಸಕ್ಕಾಗಿ ಹಾಗೆ ಕಾಯಬೇಕಾಗಲಿಲ್ಲ. ಈ ಭೇದವೇ ನನ್ನ ವಾದದ ಜೀವಾಳ.

ಇನ್ನು, ಆ 'ಅಶಕ್ತತೆ' ಸುಳ್ಳಲ್ಲವೇ ಎಂಬ ಪ್ರಶ್ನೆ. ಇದರಲ್ಲಿ ಹುರುಳಿದೆ. 1940ರಲ್ಲಿ ಬೋದುವಾಂ ಅವರ ತಂದೆ ಮೂರನೇ ಲಿಯೊಪೋಲ್ಡ್ ಜರ್ಮನರ ಸೆರೆಯಲ್ಲಿದ್ದಾಗ ಮಂತ್ರಿಗಳು ಇದೇ ವಿಧಿಗೆ ಮೊರೆಹೋಗಿದ್ದರು. ಅದು ಕಣ್ಣಿಗೆ ಕಾಣುವ ಅಶಕ್ತತೆ. ಆರೋಗ್ಯವಾಗಿ ಅರಮನೆಯಲ್ಲಿದ್ದ ಮಗನಿಗೆ ಅದನ್ನು ಅನ್ವಯಿಸಿದ್ದು ವಿಧಿಯನ್ನು ಎಳೆದು ಹಿಗ್ಗಿಸಿದಂತೆಯೇ ಸರಿ. ಆದರೂ ಅದು ಮುಚ್ಚುಮರೆಯ ಸುಳ್ಳಲ್ಲ; ಕಾರಣ ದೇಶಕ್ಕೆಲ್ಲ ತಿಳಿದಿತ್ತು, ಮರಳಿ ಕರೆಯುವ ಅಧಿಕಾರ ಸಂಸತ್ತಿನ ಕೈಯಲ್ಲಿತ್ತು.

ಲಕ್ಸೆಂಬರ್ಗ್ ಇದಕ್ಕಿಂತ ನೇರವಾದ ದಾರಿ ಹಿಡಿಯಿತು. 2008ರಲ್ಲಿ ದಯಾಮರಣದ ಕಾನೂನನ್ನು ಅನುಮೋದಿಸಲಾರೆನೆಂದು ಗ್ರ್ಯಾಂಡ್ ಡ್ಯೂಕ್ ಹೆನ್ರಿ ಹೇಳಿದಾಗ ಸಂವಿಧಾನವನ್ನೇ ತಿದ್ದಿದರು. ಈಗ ಅಲ್ಲಿನ ದೊರೆ ಕಾನೂನನ್ನು ಘೋಷಿಸುತ್ತಾನೆ, ಅನುಮೋದಿಸುವುದಿಲ್ಲ. ಬೆಲ್ಜಿಯಂನಲ್ಲಿ ದೊರೆಯ ಅನುಮೋದನೆ ಸಂವಿಧಾನದ 109ನೇ ವಿಧಿಯಲ್ಲಿ ಹಾಗೆಯೇ ಉಳಿದಿದೆ. 2014ರಲ್ಲಿ ಮಕ್ಕಳಿಗೂ ದಯಾಮರಣವನ್ನು ವಿಸ್ತರಿಸಿದ ಕಾನೂನಿಗೆ ಬೋದುವಾಂ ಅವರ ತಮ್ಮನ ಮಗ, ದೊರೆ ಫಿಲಿಪ್, ಅಂಕಿತ ಹಾಕಿದರು. ಅವರ ಅಂತರಂಗವನ್ನು ಅಳೆಯುವ ಹಕ್ಕು ನನಗಿಲ್ಲ. ಆದರೆ ಮನುಷ್ಯನಿಗೆ ಅಂಥ ಇಕ್ಕಟ್ಟನ್ನು ತಂದೊಡ್ಡುವ ಆ ಅನುಮೋದನೆಯ ಮಾತನ್ನು ಮುಂದಿನ ದೊರೆಯ ಪ್ರಮಾಣವಚನಕ್ಕೆ ಮುನ್ನ ಬೆಲ್ಜಿಯಂ ತೆಗೆದುಹಾಕಬೇಕು.