ಸ್ಥಿತೀಕರಣವೂ ವ್ಯಸನಮುಕ್ತಿಯೂ

ಶ್ರಾವಕನ ಬಾಳಿಗೆ ಮೂಲಗುಣಗಳೇ ಅಡಿಗಲ್ಲು. ಶ್ರೀ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧು ಈ ಮೂರರ ತ್ಯಾಗವನ್ನೂ ಐದು ಅಣುವ್ರತಗಳನ್ನೂ ಕೂಡಿಸಿ ಅಷ್ಟಮೂಲಗುಣಗಳೆಂದು ನಿರೂಪಿಸಿದ್ದಾರೆ. ಸಪ್ತವ್ಯಸನಗಳ ಎಣಿಕೆಯಲ್ಲಿ ದ್ಯೂತವೇ ಮೊದಲನೆಯದು. ಮದ್ಯವೂ ಅದರಲ್ಲಿ ಸೇರಿದೆ. ಜೂಜಿನಿಂದ ಧರ್ಮರಾಜನು ರಾಜ್ಯವನ್ನು ನೀಗಿಕೊಂಡುದನ್ನೂ, ಮದ್ಯದ ಅಮಲಿನಲ್ಲಿ ಯಾದವಕುಮಾರರು ದ್ವೀಪಾಯನ ಮುನಿಯನ್ನು ಕೆಣಕಿ ದ್ವಾರಾವತಿಯ ದಹನಕ್ಕೆ ಕಾರಣರಾದುದನ್ನೂ ಬಸದಿಯ ಜಗಲಿಯಲ್ಲಿ ಕೇಳಿಯೇ ಜೈನ ಮಕ್ಕಳು ಬೆಳೆಯುತ್ತಾರೆ. ಆದರೂ ಶ್ರಾವಕರ ಮನೆಗಳಿಗೆ ಈ ವ್ಯಸನಗಳು ಹೊಕ್ಕೇ ಇಲ್ಲವೆಂದು ಎದೆತಟ್ಟಿ ಹೇಳಬಲ್ಲ ಊರು ಇಂದು ವಿರಳ.

ಹೊಕ್ಕ ಮೇಲೆ ಮನೆಯವರು ಮಾಡುವುದೇನು? ಮೊದಲು ಮುಚ್ಚಿಡುತ್ತಾರೆ. ಮಗಳ ಸಂಬಂಧ ತಪ್ಪೀತು, ಮನೆತನದ ಹೆಸರು ಕೆಟ್ಟೀತು ಎಂಬ ಭಯ ಅವರನ್ನು ಕಾಡುತ್ತದೆ. ಪರರ ದೋಷವನ್ನು ಹೊರಗೆಡಹಬಾರದೆಂಬ ಉಪಗೂಹನಾಂಗವನ್ನು ಕೆಲವರು ಇದಕ್ಕೆ ಆಧಾರವಾಗಿಯೂ ಹೇಳುವುದುಂಟು. ಆದರೆ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನದ ಬೆನ್ನಿಗೇ ಬರುವುದು ಸ್ಥಿತೀಕರಣ. ಧರ್ಮದಿಂದ ಜಾರುತ್ತಿರುವವನನ್ನು ಹಿಡಿದು ಮತ್ತೆ ನೆಲೆಗೊಳಿಸುವುದೇ ಅದರ ಅರ್ಥ. ಗಾಯಕ್ಕೆ ಬಟ್ಟೆ ಕಟ್ಟುವುದು ಸರಿಯೇ. ಮದ್ದು ಹಾಕದೆ ಬರಿಯ ಬಟ್ಟೆ ಕಟ್ಟಿದರೆ ಒಳಗೆ ಕೀವಾಗುತ್ತದೆ. ಸ್ಥಿತೀಕರಣವಿಲ್ಲದ ಉಪಗೂಹನವೂ ಅಂಥದೇ.

ಈ ಅಂಗಕ್ಕೆ ಶಾಸ್ತ್ರಗಳು ಕೊಡುವ ದೃಷ್ಟಾಂತ ಶ್ರೇಣಿಕ ಮಹಾರಾಜನ ಮಗನಾದ ವಾರಿಷೇಣ ಮುನಿಯದು. ಅವನ ಬಾಲ್ಯಸ್ನೇಹಿತ ಪುಷ್ಪಡಾಲನು ಸ್ನೇಹದ ಸೆಳೆತಕ್ಕೆ ದೀಕ್ಷೆ ಪಡೆದನಾದರೂ ಹನ್ನೆರಡು ವರ್ಷ ಕಳೆದರೂ ಹೆಂಡತಿಯ ನೆನಪನ್ನು ಬಿಡಲಾರದೆ ಹೋದನು. ವಾರಿಷೇಣನು ಅವನನ್ನು ಸಂಘದ ಮುಂದೆ ಹಳಿಯಲಿಲ್ಲ, ಹೋದರೆ ಹೋಗಲೆಂದು ಕೈಬಿಡಲೂ ಇಲ್ಲ. ತಾನೇ ಜೊತೆಗೆ ನಡೆದು ರಾಜಗೃಹದ ಅರಮನೆಗೆ ಕರೆದೊಯ್ದು, ತಾನು ತೊರೆದ ಮಡದಿಯರನ್ನೂ ಸಂಪತ್ತನ್ನೂ ಕಣ್ಣಾರೆ ಕಾಣಿಸಿದನು. ಪುಷ್ಪಡಾಲನು ನಾಚಿ ಚಾರಿತ್ರದಲ್ಲಿ ದೃಢನಾದನು. ಇಲ್ಲಿ ಗಮನಿಸಬೇಕಾದುದು ಒಂದೇ: ಎಲ್ಲಿಗೆ ಹೋದರೆ ಅವನ ಬೇನೆ ಗುಣವಾಗುವುದೋ ಅಲ್ಲಿಗೆ ವಾರಿಷೇಣನು ತಾನೇ ಕರೆದೊಯ್ದನು. ಉಪದೇಶ ಮಾಡಿ ಸುಮ್ಮನಾಗಲಿಲ್ಲ.

ಹಾಗಾದರೆ ವ್ಯಸನಕ್ಕೆ ಬಿದ್ದವನನ್ನು ಎಲ್ಲಿಗೆ ಕರೆದೊಯ್ಯಬೇಕು? ಮುನಿಗಳ ಸನ್ನಿಧಿಗೆ ಎಂಬುದು ಶ್ರಾವಕನಿಗೆ ತೋಚುವ ಮೊದಲ ಉತ್ತರ. ಅದು ಯುಕ್ತವೂ ಹೌದು. ಆದರೆ ಅಲ್ಲಿ ಒಂದು ಎಚ್ಚರಿಕೆ ಅವಶ್ಯ. ದಿನವೂ ಬೆಳಗಿನಿಂದಲೇ ಕುಡಿಯುವ ಒಬ್ಬ ಗೃಹಸ್ಥನನ್ನು ಭಾವಿಸೋಣ. ದಶಲಕ್ಷಣ ಪರ್ವದಲ್ಲಿ ಮನೆಯವರ ಕಣ್ಣೀರಿಗೆ ಕರಗಿ, ಅಂದಿನಿಂದಲೇ ಮದ್ಯತ್ಯಾಗವೆಂದು ಪ್ರತಿಜ್ಞೆ ಮಾಡಿ, ಪ್ರಾಯಶ್ಚಿತ್ತವೆಂದು ಮೂರು ದಿನದ ಉಪವಾಸಕ್ಕೂ ಕೂರುತ್ತಾನೆ. ಬಹುಕಾಲ ಮದ್ಯಕ್ಕೆ ಒಗ್ಗಿದ ದೇಹಕ್ಕೆ ಅದು ಹಠಾತ್ತನೆ ನಿಂತಾಗ ಕೆಲವು ಗಂಟೆಗಳಲ್ಲೇ ಕೈನಡುಕ, ಬೆವರು, ನಿದ್ರಾನಾಶ ತೋರುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ಮೂರನೆಯ ದಿನದ ವೇಳೆಗೆ ಬುದ್ಧಿ ಭ್ರಮಿಸಿ, ಇಲ್ಲದ್ದು ಕಂಡು, ಪ್ರಾಣಕ್ಕೇ ಸಂಚಕಾರ ಬರುವುದುಂಟು. ಕುಡಿತದಿಂದ ಮೊದಲೇ ಕುಂದಿದ ಥಯಾಮಿನ್ ಎಂಬ ಜೀವಸತ್ವ ನಿರಾಹಾರದಿಂದ ಇನ್ನಷ್ಟು ಕುಂದಿ ಮೆದುಳಿಗೆ ಹಾನಿಯಾಗಬಹುದು. ಇದನ್ನರಿಯದ ಮನೆಯವರು ನಡುಕವನ್ನು ವ್ರತದ ಬಳಲಿಕೆಯೆಂದು ತಿಳಿದು ಕುಳಿತರೆ ಆಗುವ ಅನಾಹುತಕ್ಕೆ ಹೊಣೆ ಯಾರು?

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೇಳುವಾಗ ಆಗಮವು ‘ಶಕ್ತಿಗೆ ತಕ್ಕಂತೆ’ ಎಂಬ ಮಾತನ್ನು ಬಿಡದೆ ಸೇರಿಸಿದೆ. ಆದ್ದರಿಂದ ಇಂಥವನಿಗೆ ಮೊದಲು ವೈದ್ಯನ ಆಶ್ರಯದಲ್ಲಿ ಮದ್ಯವನ್ನು ಬಿಡಿಸಬೇಕು. ಉಪವಾಸವು ದೇಹ ಚೇತರಿಸಿದ ಮೇಲಿನ ಮಾತು. ವ್ರತದಲ್ಲಿಯೂ ಯಮ ಮತ್ತು ನಿಯಮವೆಂದು ಎರಡು ಬಗೆಗಳಿವೆ. ಯಾವಜ್ಜೀವದ್ದು ಯಮ, ಕಾಲಮಿತಿಯುಳ್ಳದ್ದು ನಿಯಮ. ಇಂದಿನ ಒಂದು ದಿನ ಮುಟ್ಟೆನೆಂಬ ನಿಯಮ, ನಾಳೆ ಬೆಳಿಗ್ಗೆ ಮತ್ತೆ ಅದೇ ನಿಯಮ. ಅಮೆರಿಕದಲ್ಲಿ 1935ರಲ್ಲಿ ಆರಂಭವಾಗಿ ಈಗ ನಮ್ಮ ನಗರಗಳಲ್ಲಿಯೂ ಸಭೆ ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟದವರೂ ಒಂದೊಂದು ದಿನದ ಸಂಯಮವನ್ನೇ ಪಾಲಿಸುತ್ತಾರೆ. ಅಲ್ಲಿ ಹೆಸರು ಹೊರಬೀಳುವುದಿಲ್ಲ, ಶುಲ್ಕವೂ ಇಲ್ಲ.

ವೈದ್ಯನ ನೆರವು ದೂರದಲ್ಲಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿಯೂ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಸಮೀಪ. ಎಲ್ಲಿಗೆ ಹೋಗಬೇಕೆಂದು ತೋಚದವರು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕಾಗಲಿ, 2022ರಲ್ಲಿ ಆರಂಭವಾದ ಟೆಲಿಮಾನಸ್‌ನ 14416ಕ್ಕಾಗಲಿ ಕರೆಮಾಡಿ ಕೇಳಬಹುದು. ಜೈನಮನೆತನದವರಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಶಿಬಿರ ಮುಗಿದ ಮೇಲೂ ನವಜೀವನ ಸಮಿತಿಗಳ ಮೂಲಕ ಕೈಹಿಡಿಯುವುದು ಅದರ ವಿಶೇಷ. ಸ್ಥಿತೀಕರಣವೆಂದರೆ ಇದೇ.

ನೆರವಿದ್ದೂ ಪಡೆಯುವವರು ವಿರಳ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಸುಮಾರು ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ದೊರೆತಿತ್ತು. ಲಜ್ಜೆಯೂ ಭಯವೂ ಹಲವರ ಕಾಲು ಕಟ್ಟುತ್ತವೆ. ಮಗನು ಮಾದಕದ್ರವ್ಯಕ್ಕೆ ಬಿದ್ದಿದ್ದರೆ ಪೊಲೀಸರ ಭಯವೂ ಸೇರುತ್ತದೆ. ಆದರೆ ಅಲ್ಪಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ತಾನಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರ್ಣಗೊಳಿಸಿದರೆ ಮೊಕದ್ದಮೆಯಿಂದ ರಕ್ಷಣೆ ನೀಡಲು 1985ರ ಮಾದಕದ್ರವ್ಯ ಕಾಯ್ದೆಯಲ್ಲಿಯೇ ಅವಕಾಶವಿದೆ. ಇನ್ನೊಂದು ಮಾತು: ಬಡಿದು, ಸರಪಳಿ ಬಿಗಿದು ಬಿಡಿಸುತ್ತೇವೆನ್ನುವ ಕಡೆಗೆ ಯಾರನ್ನೂ ಒಪ್ಪಿಸಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸರಪಳಿ ಬಿಗಿಯುವುದನ್ನು ನಿಷೇಧಿಸಿದೆ. ಅಹಿಂಸಾಧರ್ಮವು ಅದಕ್ಕಿಂತ ಎಷ್ಟೋ ಮೊದಲೇ ನಿಷೇಧಿಸಿತ್ತು.

ಜೂಜಿನ ಬೇನೆಗೆ ವಾಸನೆಯಿಲ್ಲ, ತೂರಾಟವಿಲ್ಲ. ಮನೆಯವರಿಗೆ ತಿಳಿಯುವುದು ಸಾಲಗಾರನು ಬಾಗಿಲಿಗೆ ಬಂದಾಗಲೇ. ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿತು. ಆದರೆ ಕಾಯ್ದೆಯೊಂದರಿಂದಲೇ ಚಟವು ಬಿಡದು. ತಾಯಿಯ ಒಡವೆ ಮಾರಿ ಗುಟ್ಟಾಗಿ ಸಾಲ ತೀರಿಸಿದರೆ ಅದು ಮುಂದಿನ ಪಣಕ್ಕೆ ದಾರಿ ಮಾಡಿದಂತೆ. ಸಾಲದ ಲೆಕ್ಕವನ್ನು ಮನೆಯವರ ಮುಂದೆ ಪೂರ್ತಿಯಾಗಿ ಬಿಚ್ಚಿಸಿ, ಹಣದ ವ್ಯವಹಾರವನ್ನು ಅವನ ಒಪ್ಪಿಗೆಯಿಂದ ಬೇರೊಬ್ಬರ ಕೈಗೆ ಕೊಟ್ಟು, ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು. ಸಾಲದ ಭಾರದಿಂದ ಜೀವವೇ ಬೇಡವೆಂಬ ಮಾತು ಅವನ ಬಾಯಲ್ಲಿ ಬಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ, ಒಂಟಿಯಾಗಿ ಬಿಡದೆ, ಅಂದೇ ಹೊರಡಬೇಕು.

ಕರ್ಮೋದಯವಿದ್ದಾಗ ವೈದ್ಯನೇನು ಮಾಡಿಯಾನು ಎಂದು ಕೇಳುವವರಿದ್ದಾರೆ. ಕೆಟ್ಟದ್ದೆಂದು ಬಲ್ಲವನೂ ಬಿಡಲಾರದೆ ಹೋಗುವುದು ಚಾರಿತ್ರಮೋಹನೀಯದ ಪ್ರಭಾವ, ನಿಜ. ಬಿಡಬೇಕೆಂಬ ಪುರುಷಾರ್ಥವು ಆ ಜೀವನಲ್ಲಿಯೇ ಹುಟ್ಟಬೇಕು, ಉಪಾದಾನವು ಅದೇ. ಆದರೆ ನಿಮಿತ್ತವನ್ನು ಒದಗಿಸುವುದು ಸಾಧರ್ಮಿಕರ ಕರ್ತವ್ಯ. ನಾಲ್ಕು ದಾನಗಳಲ್ಲಿ ಔಷಧದಾನವನ್ನು ಹಿರಿಯರು ಸುಮ್ಮನೆ ಎಣಿಸಲಿಲ್ಲ. ರಾತ್ರಿಭೋಜನ ತ್ಯಾಗವುಳ್ಳವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ ಔಷಧದ ಹೊತ್ತನ್ನು ಗೊತ್ತುಮಾಡಿಕೊಳ್ಳಲಿ. ತಾವಾಗಿ ಔಷಧ ಬಿಡುವುದು ಸಲ್ಲದು.

ಬಿಟ್ಟವನು ಮತ್ತೊಮ್ಮೆ ಜಾರಿಯಾನು. ಅಂದು ‘ವ್ರತಭ್ರಷ್ಟ’ನೆಂದು ಬಸದಿಯಲ್ಲಿ ಮುಖ ತಿರುಗಿಸಿದರೆ ಅವನು ಹೋಗುವುದು ಹೆಂಡದಂಗಡಿಗೇ. ಪುಷ್ಪಡಾಲನ ಜೊತೆಗೆ ವಾರಿಷೇಣನು ಕಾದುದು ಹನ್ನೆರಡು ವರ್ಷ. ಜಾರಿದ ತಮ್ಮನಿಗಾಗಿ ಆಸ್ಪತ್ರೆಯ ಬಾಗಿಲಲ್ಲಿ ಒಂದು ಹಗಲು ಕಾಯಲಾರದವರು ಎಂಟು ಅಂಗಗಳನ್ನು ಪಠಿಸಿ ಫಲವೇನು? ಪ್ರತಿಯೊಂದು ಊರಿನ ಸಮಾಜದಲ್ಲಿಯೂ ಗುಟ್ಟು ಕಾಯಬಲ್ಲ, ಜೊತೆಗೆ ನಡೆಯಬಲ್ಲ ಇಬ್ಬರು ಶ್ರಾವಕರೂ ಇಬ್ಬರು ಶ್ರಾವಿಕೆಯರೂ ಸಿದ್ಧರಾಗಲಿ. ಈ ಪರ್ವದಲ್ಲಿ ಸ್ವೀಕರಿಸುವ ವ್ರತಗಳ ಜೊತೆಗೆ ಅದೂ ಒಂದು ವ್ರತವಾಗಲಿ.