ದ್ಯೂತವೂ ಸಮಾಹ್ವಯವೂ

ನಮ್ಮ ಧರ್ಮಶಾಸ್ತ್ರಕಾರರು ಜೂಜನ್ನು ಎರಡು ಬಗೆಯಾಗಿ ವಿಂಗಡಿಸಿರುವರು. ಪ್ರಾಣವಿಲ್ಲದ ದಾಳಗಳಿಂದ ಆಡುವುದು ದ್ಯೂತ. ಪ್ರಾಣವುಳ್ಳವುಗಳನ್ನು ಸ್ಪರ್ಧೆಗೆ ನಿಲ್ಲಿಸಿ ಪಣವೊಡ್ಡುವುದು ಸಮಾಹ್ವಯ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಈ ಭೇದವು ಸ್ಪಷ್ಟವಾಗಿ ಹೇಳಲ್ಪಟ್ಟಿದೆ. ವ್ಯಾಖ್ಯಾನಕಾರರು ಎರಡನೆಯದಕ್ಕೆ ಟಗರು, ಹುಂಜ ಮೊದಲಾದುವನ್ನು ಉದಾಹರಿಸುವರು. ಅಂಥ ಕಾಳಗಗಳು ಈಗ ವಿರಳವಾಗಿರಬಹುದು; ಸಮಾಹ್ವಯವು ಮಾತ್ರ ಅಳಿದಿಲ್ಲ. ಟಗರು ನಿಂತಿದ್ದ ಸ್ಥಾನದಲ್ಲಿ ಇಂದು ಮನುಷ್ಯನು ನಿಂತಿರುವನು, ಅಷ್ಟೇ.

ಅಮೆರಿಕಾ ದೇಶದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. 1891ರಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕನು, ಚಳಿಗಾಲದಲ್ಲಿ ವಿದ್ಯಾರ್ಥಿಗಳಿಗೆ ಒಳಾಂಗಣದಲ್ಲಿ ಆಡಲು ಏನಾದರೂ ಬೇಕೆಂದು, ಹಣ್ಣಿನ ಬುಟ್ಟಿಗಳನ್ನು ಎತ್ತರಕ್ಕೆ ಕಟ್ಟಿಸಿ ಇದನ್ನು ಕಲ್ಪಿಸಿದನು. ಇಂದು ಅಲ್ಲಿಯ ಎನ್‌ಬಿಎ ಆಟವು ಹನ್ನೆರಡು ಹನ್ನೆರಡು ನಿಮಿಷಗಳ ನಾಲ್ಕು ಪಾದಗಳಾಗಿ ನಡೆಯುತ್ತದೆ. ಚೆಂಡು ದೊರೆತ ತಂಡವು 24 ಸೆಕೆಂಡುಗಳೊಳಗೆ ಬುಟ್ಟಿಗೆ ಎಸೆಯಲೇಬೇಕೆಂಬ ನಿಯಮವು 1954ರಿಂದ ಇದೆ. ಆದುದರಿಂದ ಅಂಕಗಳು ಕ್ಷಣಕ್ಷಣಕ್ಕೂ ಏರುತ್ತವೆ, ಮುಂದಿದ್ದವರು ಹಿಂದಾಗುತ್ತಾರೆ. 2018ರ ಮೇ ತಿಂಗಳಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1992ರ ನಿರ್ಬಂಧಕ ಕಾನೂನನ್ನು ತಳ್ಳಿಹಾಕಿದ ಮೇಲೆ ಅನೇಕ ಸಂಸ್ಥಾನಗಳು ಕ್ರೀಡೆಯ ಮೇಲಣ ಜೂಜಿಗೆ ಬಾಗಿಲು ತೆರೆದುವು. ಈಗ ಆಟ ನಡೆಯುತ್ತಿರುವಾಗಲೇ, ಕೈಯಲ್ಲಿಯ ಫೋನಿನ ಮೂಲಕ, ಕ್ಷಣಕ್ಷಣಕ್ಕೂ ಬದಲಾಗುವ ದರದಲ್ಲಿ ಪಣವೊಡ್ಡಬಹುದಾಗಿದೆ.

ಇಲ್ಲಿ ವಿಚಾರಿಸತಕ್ಕ ಪ್ರಶ್ನೆಯಿದು: ಜ್ಞಾನದಿಂದ ಆಡಿದ ಜೂಜು ಜೂಜಲ್ಲವೇ? ಪೂರ್ವಪಕ್ಷಿಯು ಹೀಗೆ ವಾದಿಸುವನು: “ನಾನು ಕುರುಡನಂತೆ ದಾಳವೆಸೆಯುವವನಲ್ಲ. ಒಂದು ತಂಡವು ಸಾಲಾಗಿ ಹತ್ತು ಅಂಕ ಗಳಿಸಿದೊಡನೆ ಜನರೆಲ್ಲ ಅದರ ಕಡೆಗೆ ವಾಲುವರು; ನಾನಾದರೋ ಆ ಉಬ್ಬರ ಇಳಿಯುವುದೆಂದು ತಿಳಿದು ಎದುರು ಪಕ್ಷವನ್ನು ಹಿಡಿಯುವೆನು. ಆರನೆಯ ತಪ್ಪಿಗೆ ಆಟಗಾರನು ಹೊರಬೀಳತಕ್ಕವನಾದುದರಿಂದ, ಬೇಗನೆ ನಾಲ್ಕು ತಪ್ಪು ಮಾಡಿದವನನ್ನು ಕೂರಿಸುವರೆಂದು ಎಣಿಸುವೆನು. ಕೊನೆಯ ನಿಮಿಷಗಳಲ್ಲಿ ಹಿಂದಿರುವವರು ಬೇಕೆಂದೇ ತಪ್ಪು ಮಾಡಿ ಗಡಿಯಾರವನ್ನು ನಿಲ್ಲಿಸುವರೆಂಬುದನ್ನೂ ಬಲ್ಲೆನು. ಒಂದೇ ಪಣಕ್ಕೆ ಬಂಡವಾಳದ ಅಲ್ಪಾಂಶಕ್ಕಿಂತ ಹೆಚ್ಚು ಇಡೆನು. ಇದು ವಿದ್ಯೆ. ನಳ ಮಹಾರಾಜನೂ ಅಕ್ಷಹೃದಯವನ್ನು ಕಲಿತೇ ರಾಜ್ಯವನ್ನು ಮರಳಿ ಪಡೆಯಲಿಲ್ಲವೇ?”

ವಾದವು ಹಗುರವಾದುದಲ್ಲ, ಆದುದರಿಂದ ಮೊದಲು ಲೆಕ್ಕವನ್ನೇ ನೋಡೋಣ. ಅಲ್ಲಿಯ ವಾಡಿಕೆಯ ದರದಲ್ಲಿ ನೂರು ಗೆಲ್ಲಬೇಕಾದರೆ ನೂರಹತ್ತನ್ನು ಒಡ್ಡಬೇಕು. ಎರಡು ಪಕ್ಷಗಳಿಂದ ಬಂದ 220ರಲ್ಲಿ ಗೆದ್ದವನಿಗೆ 210 ಹೋಗಿ, ಹತ್ತು ಕಂಪನಿಯಲ್ಲಿ ಉಳಿಯುತ್ತದೆ. ಅಂದರೆ ನೂರಕ್ಕೆ ಸುಮಾರು ನಾಲ್ಕೂವರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನು ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ತೆಗೆದುಕೊಳ್ಳತಕ್ಕದ್ದೆಂದಿದೆ. ಎರಡು ಸಾವಿರ ವರ್ಷಗಳಾದರೂ ಜೂಜಿನ ಮನೆಯ ಪಾಲು ಹೆಚ್ಚು ಬದಲಾಗಿಲ್ಲವೆಂಬುದು ಸ್ವಾರಸ್ಯವಾದ ಸಂಗತಿ. ಈ ದರದಲ್ಲಿ ನಷ್ಟವಾಗದಿರಬೇಕಾದರೂ ನೂರಕ್ಕೆ 52ಕ್ಕಿಂತ ಹೆಚ್ಚು ಸಲ ಗೆಲ್ಲಬೇಕು. ಆಟದ ನಡುವಣ ಪಣಗಳಲ್ಲಾದರೋ ಮನೆಯ ಪಾಲು ಸಾಮಾನ್ಯವಾಗಿ ಇದಕ್ಕಿಂತಲೂ ಹೆಚ್ಚು. ಮೇಲಾಗಿ, ಪರದೆಯ ಮೇಲೆ ಕಾಣುವ ಚಿತ್ರವು ಆಟದ ಕ್ಷಣಕ್ಕಿಂತ ಕೆಲವು ಸೆಕೆಂಡು ತಡವಾಗಿ ಬರುವುದು. ಕಂಪನಿಗಾದರೋ ಕ್ರೀಡಾಂಗಣದಿಂದ ನೇರವಾಗಿ ಸುದ್ದಿ ತಲಪುವುದು. ವರ್ತಮಾನವೆಂದು ನಮ್ಮ ಚತುರನು ನೋಡುತ್ತಿರುವುದು ಭೂತಕಾಲ. ಇಷ್ಟನ್ನೂ ದಾಟಿ ಒಬ್ಬನು ಸತತವಾಗಿ ಗೆದ್ದನೆನ್ನೋಣ. ಆಗ ಕಂಪನಿಗಳು ಅವನ ಪಣಕ್ಕೆ ಮಿತಿ ಹಾಕುವುದು ವಾಡಿಕೆ. ಅಜ್ಞರಿಗೆ ತೆರೆದ ಬಾಗಿಲು ಪ್ರಾಜ್ಞನಿಗೆ ಅರ್ಧ ಮುಚ್ಚುವುದು.

ಆದರೆ ಸೋಲುವುದರಿಂದಲೇ ಜೂಜು ಕೆಟ್ಟದ್ದೆಂದರೆ, ಗೆದ್ದವನಿಗೆ ದೋಷವಿಲ್ಲವೆಂದಾಗುವುದು. ದೋಷವು ಇನ್ನೂ ಆಳದಲ್ಲಿದೆ. ರೈತನ ಲಾಭದಿಂದ ಲೋಕಕ್ಕೆ ಧಾನ್ಯ ಬರುತ್ತದೆ; ನೇಯ್ಗೆಯವನ ಲಾಭದಿಂದ ಬಟ್ಟೆ ಬರುತ್ತದೆ. ಪಣದಲ್ಲಿ ಗೆದ್ದವನ ನೂರು ರೂಪಾಯಿಗಾದರೋ ಮತ್ತೊಬ್ಬನ ನಷ್ಟವೊಂದೇ ಮೂಲ. ಚತುರನು ಕಂಪನಿಯನ್ನು ಸೋಲಿಸಿದೆನೆಂದು ಹಿಗ್ಗುವನು. ಕಂಪನಿಯು ಕೊಟ್ಟದ್ದು ತನ್ನ ಗಂಟಿನಿಂದಲ್ಲ, ಸಂಬಳದ ದಿನವೇ ಸೋತ ಯಾವನೋ ಗುಮಾಸ್ತನ ಗಂಟಿನಿಂದ. ಎಂದರೆ ಅವನ ವಿದ್ಯೆಯ ವಿಷಯವು ಚೆಂಡಲ್ಲ, ಬುಟ್ಟಿಯಲ್ಲ, ಇತರರ ಆತುರ. ಪರರ ದೌರ್ಬಲ್ಯವನ್ನು ಕಾದು ಕುಳಿತು ಬದುಕುವ ವಿದ್ಯೆಯನ್ನು ವಿದ್ಯೆಯೆನ್ನಬಹುದೇ?

ನಳನ ಮಾತಿಗೆ ಬರೋಣ. ಋತುಪರ್ಣನಿಂದ ಅಕ್ಷಹೃದಯವು ದೊರೆತೊಡನೆ ನಳನ ಶರೀರದಿಂದ ಕಲಿಯು ಹೊರಟುಹೋದನೆಂದು ಮಹಾಭಾರತವು ಹೇಳುತ್ತದೆ. ಬಳಿಕ ನಳನು ಕಳೆದುಕೊಂಡುದನ್ನು ಗೆದ್ದು, ಸೋತ ಪುಷ್ಕರನಿಗೆ ಅವನ ಪಾಲನ್ನು ಮರಳಿ ಕೊಟ್ಟು ಕ್ಷಮಿಸಿದನು. ಅಲ್ಲಿ ಜ್ಞಾನವು ಜೂಜಿನಿಂದ ಬಿಡುಗಡೆಯನ್ನು ತಂದಿತು. ನಮ್ಮ ಪೂರ್ವಪಕ್ಷಿಯ ಜ್ಞಾನವಾದರೋ ಪ್ರತಿ ರಾತ್ರಿಯೂ ಅವನನ್ನು ಮರಳಿ ಜೂಜಿನ ಮುಂದೆ ಕೂರಿಸುತ್ತದೆ. ಕಲಿಯನ್ನು ಹೊರದೂಡುವ ಜ್ಞಾನವೇ ಬೇರೆ, ಅವನಿಗೆ ಪೀಠ ಹಾಕುವ ಜ್ಞಾನವೇ ಬೇರೆ.

ಇನ್ನು ಸಮಾಹ್ವಯಕ್ಕೆ ವಿಶೇಷವಾದ ದೋಷವೊಂದಿದೆ. ದಾಳಕ್ಕೆ ಮನಸ್ಸಿಲ್ಲ, ಮನುಷ್ಯನಿಗೆ ಇದೆ. ಟೊರಾಂಟೊ ತಂಡದ ಜಾಂಟೆ ಪೋರ್ಟರ್ ಎಂಬ ತರುಣನು 2024ರ ಮಾರ್ಚಿಯಲ್ಲಿ ಮೈ ಸರಿಯಿಲ್ಲವೆಂದು ಮೂರೇ ನಿಮಿಷ ಆಡಿ ಹೊರಬಂದನು. ಅವನು ಕಡಿಮೆ ಅಂಕ ಗಳಿಸುವನೆಂದು ಪಣವೊಡ್ಡಿದ್ದವರಿಗೆ ಅದು ಮೊದಲೇ ತಿಳಿದಿತ್ತು. ಏಪ್ರಿಲಿನಲ್ಲಿ ಅವನಿಗೆ ಆಜೀವ ಬಹಿಷ್ಕಾರವಾಯಿತು. ಜೂಜಿನ ಸಾಲದಿಂದ ಪಾರಾಗಲು ಹಾಗೆ ಮಾಡಿದೆನೆಂದು ಅವನೇ ನ್ಯಾಯಾಲಯದಲ್ಲಿ ಒಪ್ಪಿಕೊಂಡನು. 2007ರಲ್ಲಿ ಟಿಮ್ ಡೊನಾಘಿ ಎಂಬ ತೀರ್ಪುಗಾರನೇ ಇಂಥ ಜಾಲದಲ್ಲಿ ಸಿಕ್ಕಿಬಿದ್ದು ಮರುವರ್ಷ ಸೆರೆಮನೆಯ ಶಿಕ್ಷೆಗೆ ಗುರಿಯಾದನು. ಮನುಷ್ಯನನ್ನು ದಾಳವಾಗಿ ಎಣಿಸತೊಡಗಿದರೆ, ಒಂದು ದಿನ ಅವನೂ ತನ್ನನ್ನು ದಾಳವೆಂದೇ ಎಣಿಸಿಕೊಂಡು, ಎಸೆಯುವವನ ಕೈಗೆ ಹೋಗುವನು.

ನೋಡುವವನಿಗಾಗುವ ನಷ್ಟವೂ ಅಲ್ಪವಲ್ಲ. ತನ್ನ ಸ್ವಂತ ಸುಖದುಃಖಗಳಿಗೆ ಪರವಶನಾಗಿರುವುದು ರಸಾಸ್ವಾದಕ್ಕೆ ಒಂದು ವಿಘ್ನವೆಂದು ಅಭಿನವಗುಪ್ತಪಾದರು ಎಣಿಸಿರುವರು. ಎದುರಾಳಿಯ ಕೈಚಳಕಕ್ಕೂ ತಲೆದೂಗುವವನೇ ಸಹೃದಯನು. ಪಣವೊಡ್ಡಿದವನಿಗೆ ಅದೇ ಸುಂದರವಾದ ಎಸೆತವು ಜೇಬಿಗೆ ಬಿದ್ದ ಕತ್ತರಿಯಾಗಿ ಕಾಣುವುದು.

“ನನ್ನ ಹಣ, ನನ್ನ ಇಷ್ಟ” ಎಂಬ ಕೊನೆಯ ಮಾತೊಂದುಂಟು. ಯುಧಿಷ್ಠಿರನೂ ತನ್ನದೆಂದುಕೊಂಡೇ ಒಡ್ಡಿದನು. ತಮ್ಮಂದಿರು ಹೋದರು, ತಾನೂ ಹೋದನು, ಆಮೇಲೆ ದ್ರೌಪದಿಯನ್ನು ಒಡ್ಡಿದನು. ಗೃಹಸ್ಥನ ಹಣದಲ್ಲಿ ಹೆಂಡತಿಯ ಔಷಧವೂ ಮಕ್ಕಳ ಪುಸ್ತಕವೂ ಸೇರಿರುತ್ತವೆ. ಹಿಂದೆ ಒಂದು ದಾಳಕ್ಕೂ ಮತ್ತೊಂದು ದಾಳಕ್ಕೂ ನಡುವೆ ವಿದುರನು ಬುದ್ಧಿ ಹೇಳುವಷ್ಟಾದರೂ ಅವಕಾಶವಿತ್ತು. 24 ಸೆಕೆಂಡುಗಳ ಆಟದಲ್ಲಿ ವಿದುರನಿಗೆ ಬಾಯಿ ತೆರೆಯಲೂ ಸಮಯವಿಲ್ಲ. ನಮ್ಮ ಸಂಸತ್ತು 2025ರಲ್ಲಿ ಅಂಗೀಕರಿಸಿದ ಕಾನೂನು, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವಾಗಲಿ ಅದೃಷ್ಟದವಾಗಲಿ, ಒಂದೇ ಎಂದು ಎಣಿಸಿ ನಿಷೇಧಿಸಿದೆ. ಆದರೆ ಕಾನೂನು ಹೊರಬಾಗಿಲನ್ನು ಮಾತ್ರ ಕಾಯಬಲ್ಲುದು. ಒಳಬಾಗಿಲಲ್ಲಿ ನಿಲ್ಲತಕ್ಕವನು ವಿವೇಕ. ಅವನನ್ನು ನಿಲ್ಲಿಸುವ ಭಾರವು ಮನೆಯ ಹಿರಿಯರದು. ಮಕ್ಕಳೊಡನೆ ಕುಳಿತು ಆಟವನ್ನು ಆಟವಾಗಿಯೇ ನೋಡಿ, ಸೋತವರ ಚೆಲುವಾದ ಎಸೆತಕ್ಕೂ ಚಪ್ಪಾಳೆ ತಟ್ಟುವುದನ್ನು ಕಲಿಸಿದರೆ, ಆ ಕೆಲಸದ ಅರ್ಧ ಭಾಗವು ನೆರವೇರಿದಂತೆಯೇ.